ಅರೇ, ನಿನ್ನಲ್ಲಿ ಎಷ್ಟು ಮನೆ?

ಪರೀಕ್ಷೆಯ ದಿನಗಳಲ್ಲಿ ಖಾನಾಪುರದಿಂದ ಬೆಳಗಾವಿಗೆ ಬರುವ ಬೆಳಗಿನ ಬಸ್ಸು ಹತ್ತಿ ನೋಡಬೇಕು. ಸೀಟು ಸಿಕ್ಕವರ ತೊಡೆಯ ಮೇಲೆ, ನಿಂತವರ ಕಂಕುಳಲ್ಲಿ ಸ್ಪೈರಲ್ ಬೈಂಡ್ ಮಾಡಿಸಿದ ಲ್ಯಾಬ್ ಮ್ಯಾನ್ಯುಯಲ್. ಮರಾಠಿಯಲ್ಲಿ ಶುರುವಾದ ಪ್ರಶ್ನೆಗೆ ಕನ್ನಡದಲ್ಲಿ ಉತ್ತರ, ನಡುನಡುವೆ ಸೆಮಿಕೋಲನ್ನು, ಬ್ರಾಕೆಟ್ಟು. ದೇಸೂರು ದಾಟಿ ಮಚ್ಛೆ ಬರುವಷ್ಟರಲ್ಲಿ ಬಬಲ್ ಸಾರ್ಟ್ ಬಾಯಿಪಾಠ ಆಗಿರುತ್ತದೆ. ಉದ್ಯಮಬಾಗದಲ್ಲಿ ಅರ್ಧ ಬಸ್ಸು ಖಾಲಿ.

ಲ್ಯಾಬಿನಲ್ಲಿ ಪ್ರೋಗ್ರಾಂ ಓಡುತ್ತದೆ, ಔಟ್‌ಪುಟ್ ಬರುತ್ತದೆ. ಆಮೇಲೆ ವೈವಾ. ಬೇರೆ ಕಾಲೇಜಿನಿಂದ ಬಂದ ಎಕ್ಸ್‌ಟರ್ನಲ್ ಪರೀಕ್ಷಕರು ಪರದೆಯ ಮೇಲಿನ ಒಂದು ಸಾಲಿಗೆ ಬೆರಳಿಟ್ಟು ಕೇಳುತ್ತಾರೆ: ‘ಈ ಅರೇದಾಗ ಎಷ್ಟ್ ಎಲಿಮೆಂಟ್ ಅದಾವು ಅಂತ ಹ್ಯಾಂಗ ಕಂಡುಹಿಡೀತಿ?’ ಉತ್ತರ ತಯಾರಿರುತ್ತದೆ: ಇಡೀ ಅರೇಯ ಸೈಜ್‌ಆಫ್ ಅನ್ನು ಮೊದಲ ಎಲಿಮೆಂಟಿನ ಸೈಜ್‌ಆಫ್‌ನಿಂದ ಭಾಗಿಸಬೇಕು. ‘ಹೌದು. ಅದನ್ನ ಫಂಕ್ಷನ್ ಒಳಗ ಬರದ್ರ ಏನ್ ಬರತದ?’ ಎರಡನೇ ಪ್ರಶ್ನೆಗೆ ಹೆಚ್ಚಿನವರು ಎಕ್ಸ್‌ಟರ್ನಲ್ ಮುಖ ಬಿಟ್ಟು ಗೋಡೆ ನೋಡುತ್ತಾರೆ.

ಎಣಿಸಲಿಕ್ಕೆಂದೇ ಹುಟ್ಟಿದ ಯಂತ್ರಕ್ಕೆ ತನ್ನ ಪಟ್ಟಿಯಲ್ಲಿ ಎಷ್ಟು ಅಂಕಿಗಳಿವೆ ಎಂದು ಹೇಳುವುದು ಕಷ್ಟವೇ? ಸಿ ಭಾಷೆಯಲ್ಲಿ ಕಷ್ಟ. ಸುಮಾರು 50 ವರ್ಷಗಳ ಹಿಂದೆ ಮಾಡಿದ ಒಂದು ಉಳಿತಾಯದ ಬಾಕಿಯನ್ನು ಜಗತ್ತು ಈಗಲೂ ತೀರಿಸುತ್ತಿದೆ.

ಕಣಕುಂಬಿಯ 31 ದಿನ

ಅರೇ ಎಂದರೆ ಕಂಪ್ಯೂಟರಿನ ಮೆಮೊರಿಯಲ್ಲಿ ಒಂದಕ್ಕೊಂದು ಅಂಟಿಕೊಂಡಿರುವ, ಒಂದೇ ಅಳತೆಯ ಮನೆಗಳ ಸಾಲು. ಕಣಕುಂಬಿಯ ಜುಲೈ ತಿಂಗಳ ಮಳೆಯ ಲೆಕ್ಕ ಇಡಬೇಕು ಎಂದುಕೊಳ್ಳಿ. ಮಲಪ್ರಭೆ ಹುಟ್ಟುವ ಊರು, ಜುಲೈಯಲ್ಲಿ ಮಳೆ ಬಿಡುವು ಕೊಡದ ಊರು. ದಿನಕ್ಕೊಂದರಂತೆ 31 ಅಂಕಿ ಬೇಕು. ಮಿಲಿಮೀಟರಿಗೆ ದಶಾಂಶ ಇರುವುದರಿಂದ ಅವು ‘ಫ್ಲೋಟ್’ ಜಾತಿಯವು. ಫ್ಲೋಟ್ ಮಳೆ[31] ಎಂದು ಒಂದು ಸಾಲು ಬರೆದರೆ ಸಿ ಕಂಪೈಲರ್ 31 ಮನೆ ಹಿಡಿದಿಡುತ್ತದೆ. ಮನೆಗೆ 4 ಬೈಟ್‌ನಂತೆ ಒಟ್ಟು 124 ಬೈಟ್.

ಮನೆ ನಂಬರು ಸೊನ್ನೆಯಿಂದ ಶುರು. ಜುಲೈ 1ರ ಮಳೆ ಇರುವುದು ಮಳೆ[0]ಯಲ್ಲಿ, ತಿಂಗಳ ಕೊನೆಯ ದಿನದ್ದು ಮಳೆ[30]ರಲ್ಲಿ. ಮಳೆ[31] ಎಂಬ ಮನೆ ಇಲ್ಲವೇ ಇಲ್ಲ. ಹಾಗಿದ್ದೂ ಕೇಳಿದರೆ ಸಿ ‘ಇಲ್ಲ’ ಅನ್ನುವುದಿಲ್ಲ. ಕೊನೆಯ ಮನೆಯ ಆಚೆ ಮೆಮೊರಿಯಲ್ಲಿ ಏನು ಬಿದ್ದಿದೆಯೋ ಅದನ್ನೇ ಎತ್ತಿ, ತಗೋ ಮಳೆ ಎಂದು ಕೊಡುತ್ತದೆ.

ಸೈಜ್‌ಆಫ್ ಹೇಳುವುದು ಬೈಟ್‌ಗಳ ಲೆಕ್ಕ, ಮನೆಗಳ ಲೆಕ್ಕವಲ್ಲ. ಅದಕ್ಕೇ ಭಾಗಾಕಾರ: 124ನ್ನು 4ರಿಂದ ಭಾಗಿಸಿದರೆ 31. ಸೂತ್ರ ಸರಿಯೇ. ಆದರೆ ಆ 31 ಬಂದದ್ದು ಎಲ್ಲಿಂದ ಎಂಬುದನ್ನು ಗಮನಿಸಬೇಕು. ಕಂಪೈಲರ್ ನಾವು ಬರೆದ ಘೋಷಣೆಯ ಸಾಲನ್ನು ನೋಡಿಕೊಂಡು, ಪ್ರೋಗ್ರಾಂ ಓಡುವುದಕ್ಕೂ ಮೊದಲೇ ಈ ಲೆಕ್ಕ ಮುಗಿಸಿಬಿಡುತ್ತದೆ. ಓಡುವ ಹೊತ್ತಿನಲ್ಲಿ ಮೆಮೊರಿಯಲ್ಲಿ 31 ಮನೆಗಳಿರುತ್ತವೆ. ‘ಇಲ್ಲಿ 31 ಮನೆಗಳಿವೆ’ ಎಂಬ ಟಿಪ್ಪಣಿ ಅವುಗಳ ಜೊತೆ ಇರುವುದಿಲ್ಲ.

ಇನ್ನೊಂದು ತೊಡಕೂ ಇದೆ. ಇವತ್ತು ಜುಲೈ 10, ಹತ್ತೇ ದಿನದ ಮಳೆ ತುಂಬಿದ್ದೇವೆ ಅನ್ನಿ. ಸೈಜ್‌ಆಫ್ ಭಾಗಾಕಾರ ಆಗಲೂ 31 ಎಂದೇ ಹೇಳುತ್ತದೆ. ಜಾಗ ಎಷ್ಟು ಎಂಬುದು ಅದಕ್ಕೆ ಗೊತ್ತು, ತುಂಬಿದ್ದೆಷ್ಟು ಎಂಬುದು ಗೊತ್ತಿಲ್ಲ. ಖಾಲಿ ಮನೆಗಳಲ್ಲಿ ಸೊನ್ನೆಯೇ ಇದ್ದರೂ ಹತ್ತು ದಿನದ ಮಳೆಯನ್ನು 31ರಿಂದ ಭಾಗಿಸಿದರೆ ಕಣಕುಂಬಿ ಕೂಡ ಬಯಲುಸೀಮೆಯಾಗುತ್ತದೆ. ತುಂಬಿದ ಮನೆಗಳ ಲೆಕ್ಕವನ್ನು ಬೇರೆ ವೇರಿಯಬಲ್‌ನಲ್ಲಿ ಪ್ರೋಗ್ರಾಮರೇ ಇಟ್ಟುಕೊಳ್ಳಬೇಕು.

ಫಂಕ್ಷನ್ ಹೊಸ್ತಿಲು ದಾಟಿದರೆ

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ಎಲ್ಲರ ಬಾಯಲ್ಲಿ ವಿಟಿಯು, 1998ರಲ್ಲಿ ಶುರುವಾಯಿತು. ಅದರ ಕೇಂದ್ರ ಜ್ಞಾನಸಂಗಮ ಇರುವುದು ಇದೇ ಖಾನಾಪುರ ರಸ್ತೆಯ ಮಚ್ಛೆಯಲ್ಲಿ. ಬೀದರ್‌ನಿಂದ ಮಂಗಳೂರಿನವರೆಗಿನ ಎಂಜಿನಿಯರಿಂಗ್ ಹುಡುಗರ ಸಿಲಬಸ್ ತೀರ್ಮಾನವಾಗುವುದು ಇಲ್ಲಿಂದ. ಅದರ ಸಿ ಲ್ಯಾಬಿನ ಪಟ್ಟಿಯಲ್ಲಿ ಸ್ಕೀಮ್ ಬದಲಾದರೂ ಜಾಗ ಬಿಡದೆ ಕೂತಿರುವ ಒಂದು ಪ್ರೋಗ್ರಾಂ ಇದೆ: ಅರೇಯಲ್ಲಿರುವ ನೈಜ ಸಂಖ್ಯೆಗಳ ಮೊತ್ತ, ಸರಾಸರಿ, ಸ್ಟ್ಯಾಂಡರ್ಡ್ ಡೀವಿಯೇಷನ್‌ಗಳನ್ನು ಪಾಯಿಂಟರ್, ಅಂದರೆ ಮೆಮೊರಿಯ ವಿಳಾಸ, ಬಳಸಿ ಕಂಡುಹಿಡಿಯುವುದು. ಕಣಕುಂಬಿಯ ಮಳೆಯನ್ನು ಅದಕ್ಕೇ ಕೊಡೋಣ.

ಮೇನ್ ಫಂಕ್ಷನ್‌ನಲ್ಲಿ ಕುಳಿತು ಭಾಗಾಕಾರ ಮಾಡಿದರೆ 31 ಬರುತ್ತದೆ. ಅದೇ ಸಾಲನ್ನು ‘ಸರಾಸರಿ’ ಎಂಬ ಬೇರೆ ಫಂಕ್ಷನ್ನಿಗೆ ಒಯ್ದು, ಅರೇಯನ್ನು ಅದಕ್ಕೆ ಕಳಿಸಿ ಓಡಿಸಿದರೆ ಬರುವ ಉತ್ತರ 2.

ಏಕೆಂದರೆ ಫಂಕ್ಷನ್ನಿಗೆ ಅರೇ ಹೋಗಲೇ ಇಲ್ಲ. ಹೋದದ್ದು ಮೊದಲ ಮನೆಯ ವಿಳಾಸ ಮಾತ್ರ. 64 ಬಿಟ್ ಯಂತ್ರದಲ್ಲಿ ವಿಳಾಸ ಬರೆದಿಡಲು 8 ಬೈಟ್ ಬೇಕು. ಸೈಜ್‌ಆಫ್ ಆ ವಿಳಾಸದ ಅಳತೆಯನ್ನೇ ಹೇಳುತ್ತದೆ; 8ನ್ನು 4ರಿಂದ ಭಾಗಿಸಿದರೆ 2. ಲೂಪು ಎರಡು ದಿನದ ಮಳೆ ಕೂಡಿಸಿ, ಎರಡರಿಂದ ಭಾಗಿಸಿ, ತಿಂಗಳ ಸರಾಸರಿ ಎಂದು ಅಚ್ಚುಕಟ್ಟಾಗಿ ಛಾಪಿಸುತ್ತದೆ. ಎರರ್ ಇಲ್ಲ, ಕ್ರ್ಯಾಶ್ ಇಲ್ಲ. ಜುಲೈ 1 ಮತ್ತು 2ರ ಮಳೆ ತಿಂಗಳ ಸರಾಸರಿಗೆ ಹತ್ತಿರ ಇದ್ದುಬಿಟ್ಟರೆ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ.

ಇದೇ ಕೋಡನ್ನು 32 ಬಿಟ್ ಯಂತ್ರದಲ್ಲಿ ಓಡಿಸಿದರೆ ಉತ್ತರ 1. ನಮ್ಮ ಕಾಲೇಜುಗಳು ಬಹುಕಾಲ ಕೈಬಿಡದ, ಈಗಲೂ ಕೆಲವೆಡೆ ಡಾಸ್‌ಬಾಕ್ಸ್ ಒಳಗೆ ಉಸಿರಾಡುವ ನೀಲಿ ಪರದೆಯ ಟರ್ಬೊ ಸಿಯ ಸ್ಮಾಲ್ ಮಾಡೆಲ್‌ನಲ್ಲಿ ಪಾಯಿಂಟರ್‌ಗೆ ಎರಡೇ ಬೈಟ್. 2ನ್ನು 4ರಿಂದ ಭಾಗಿಸಿದರೆ ಪೂರ್ಣಾಂಕದ ಲೆಕ್ಕದಲ್ಲಿ 0. ಸರಾಸರಿ ತೆಗೆಯಲು ಸೊನ್ನೆಯಿಂದ ಭಾಗಿಸಬೇಕಾದ ಪ್ರಸಂಗ. ಒಂದೇ ಮಳೆ, ಒಂದೇ ಸೂತ್ರ, ಯಂತ್ರ ನೋಡಿ ಉತ್ತರ.

ಫಂಕ್ಷನ್ನಿನ ತಲೆಬರಹದಲ್ಲೇ ಫ್ಲೋಟ್ ಮಳೆ[31] ಎಂದು ಬರೆದರೆ? ಪ್ರಯೋಜನವಿಲ್ಲ. ಅಲ್ಲಿ ಬರೆದ 31ನ್ನು ಕಂಪೈಲರ್ ಓದಿ ಬದಿಗಿಡುತ್ತದೆ. 5 ಎಂದು ಬರೆದರೂ, 5000 ಎಂದು ಬರೆದರೂ ಅದಕ್ಕೆ ಎಲ್ಲ ಒಂದೇ. ಇತ್ತೀಚಿನ ಜಿಸಿಸಿ ಕಂಪೈಲರ್ ಇಂಥಲ್ಲಿ ತಾನಾಗಿಯೇ ವಾರ್ನಿಂಗ್ ಕೊಡುತ್ತದೆ. ವಾರ್ನಿಂಗ್ ಬಂದರೂ ಪ್ರೋಗ್ರಾಂ ಓಡುತ್ತದಲ್ಲ, ಆದ್ದರಿಂದ ಅದನ್ನು ಓದುವವರು ಕಡಿಮೆ.

24 ಕಿಲೋಬೈಟ್‌ನ ಬಡತನ

ಸಿ ಭಾಷೆ ರೂಪುಗೊಂಡದ್ದು 1970ರ ದಶಕದ ಆರಂಭದಲ್ಲಿ, ಅಮೆರಿಕದ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್‌ನಲ್ಲಿ. ಡೆನ್ನಿಸ್ ರಿಚೀ ಅದರ ಕರ್ತೃ. ಸಿ ಜೊತೆಗೇ ಯೂನಿಕ್ಸ್ ಆಪರೇಟಿಂಗ್ ಸಿಸ್ಟಂ ಬೆಳೆದ ಪಿಡಿಪಿ–11 ಯಂತ್ರದ ಒಟ್ಟು ಮೆಮೊರಿ ಮೊದಲಿಗೆ 24 ಕಿಲೋಬೈಟ್. ವಾಟ್ಸ್‌ಆ್ಯಪ್‌ನಲ್ಲಿ ಬರುವ ಒಂದು ಶುಭೋದಯದ ಚಿತ್ರವೂ ಅದರಲ್ಲಿ ಹಿಡಿಸುತ್ತಿರಲಿಲ್ಲ. ಅದರೊಳಗೇ ಆಪರೇಟಿಂಗ್ ಸಿಸ್ಟಂ, ಅದರೊಳಗೇ ಬಳಕೆದಾರರ ಪ್ರೋಗ್ರಾಂ. ಅರೇಯೊಂದಕ್ಕೆ ಅದರ ಉದ್ದವನ್ನೂ ಬರೆದಿಡುವುದು, ಪ್ರತಿ ಸಲ ಮನೆ ನಂಬರು ಮಿತಿಯೊಳಗಿದೆಯೇ ಎಂದು ನೋಡುವುದು ಆಗ ದುಬಾರಿ ಸೌಖ್ಯ.

ಸಿಗೆ ಮೊದಲಿನ ಬಿ ಭಾಷೆಯಲ್ಲಿ, ಅದಕ್ಕೂ ಮೊದಲಿನ ಬಿಸಿಪಿಎಲ್‌ನಲ್ಲಿ ಅರೇ ಎಂದರೆ ಮೊದಲ ಮನೆಯನ್ನು ತೋರಿಸುವ ವಿಳಾಸವೇ. ರಿಚೀ ಆ ವಿಳಾಸಕ್ಕೆ ಪ್ರತ್ಯೇಕ ಜಾಗ ಕೊಡದೆ, ಸೈಜ್‌ಆಫ್‌ನಂಥ ಕೆಲವೆಡೆ ಬಿಟ್ಟರೆ ಅರೇಯ ಹೆಸರನ್ನು ಬಳಸಿದಾಗೆಲ್ಲ ಅದು ವಿಳಾಸವಾಗಿ ಬದಲಾಗುವಂತೆ ನಿಯಮ ಮಾಡಿದರು. ಹಳೆಯ ಬಿ ಕೋಡು ಹೆಚ್ಚು ತಿದ್ದದೆ ಓಡಿತು, ಜಾಗ ಉಳಿಯಿತು. ಹೋದದ್ದು ಅಳತೆ.

ಇದನ್ನು ರಿಚೀಯ ಅಚಾತುರ್ಯ ಎಂದು ಹೀಗಳೆಯುವುದು ಈಗ ಸುಲಭ. ಆ ಕಾಲದ ಎದುರು ದಾರಿ ಪ್ಯಾಸ್ಕಲ್ ಭಾಷೆಯದು. ಅಲ್ಲಿ ಅರೇಯ ಉದ್ದ ಅದರ ಜಾತಿಯ ಭಾಗವೇ ಆಗಿತ್ತು; 10 ಅಂಕಿಗಳನ್ನು ಜೋಡಿಸುವ ಫಂಕ್ಷನ್ನಿಗೆ 20 ಅಂಕಿಗಳ ಅರೇ ಕೊಡುವಂತಿಲ್ಲ. ರಿಚೀಯ ಸಹೋದ್ಯೋಗಿ ಬ್ರಯಾನ್ ಕರ್ನಿಗನ್ 1981ರಲ್ಲಿ ಪ್ಯಾಸ್ಕಲ್ ತಮಗೆ ಏಕೆ ಹಿಡಿಸದು ಎಂದು ಬರೆದಾಗ ದೊಡ್ಡ ದೂರು ಇದೇ. ಅಳತೆಗೆ ಕಟ್ಟಿಹಾಕಿದ ಭಾಷೆಗಿಂತ ಅಳತೆ ಮರೆತ ಭಾಷೆ ಕೆಲಸಕ್ಕೆ ಬಂತು. ಆದರೆ ಮೂರನೆಯ ದಾರಿಯೂ ಆಗಲೇ ಇತ್ತು. ಬ್ರಿಟನ್ನಿನ ಟೋನಿ ಹೋರ್ 1960ರ ದಶಕದ ಆರಂಭದಲ್ಲೇ ಎಲಿಯಟ್ ಕಂಪ್ಯೂಟರಿಗಾಗಿ ಮಾಡಿದ ಆಲ್ಗಾಲ್ ಕಂಪೈಲರ್ ಪ್ರತಿಯೊಂದು ಮನೆ ನಂಬರನ್ನೂ ಓಡುವಾಗಲೇ ಪರೀಕ್ಷಿಸುತ್ತಿತ್ತು. ವೇಗಕ್ಕಾಗಿ ಈ ತಪಾಸಣೆ ನಿಲ್ಲಿಸುವ ಸೌಲಭ್ಯ ಕೊಡೋಣವೇ ಎಂದು ಗ್ರಾಹಕರನ್ನು ಕೇಳಿದಾಗ ಎಲ್ಲರೂ ಬೇಡವೆಂದರಂತೆ. 1980ರ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಹೋರ್ ಇದನ್ನು ನೆನೆದಾಗ ಸಿಟ್ಟೂ ಇತ್ತು: ಇಪ್ಪತ್ತು ವರ್ಷವಾದರೂ ಉಳಿದವರು ಕಲಿಯಲಿಲ್ಲ ಎಂದು.

‘ಎಂಟರ್ ದ ವ್ಯಾಲ್ಯೂ ಆಫ್ ಎನ್’

ನಮ್ಮ ಲ್ಯಾಬ್ ಮ್ಯಾನ್ಯುಯಲ್‌ಗಳು ಈ ಇಡೀ ತಾಪತ್ರಯವನ್ನು ಜಾಣತನದಿಂದ ಪಕ್ಕಕ್ಕೆ ಸರಿಸಿವೆ. ಯಾವ ಪ್ರೋಗ್ರಾಂ ತೆಗೆದರೂ ಆರಂಭ ಒಂದೇ: ಇಂಟ್ ಎ[100], ಎನ್. ಆಮೇಲೆ ಪರದೆಯ ಮೇಲೆ ಎನ್‌ನ ಬೆಲೆ ಕೊಡಿ ಎಂಬ ಕೋರಿಕೆ. ಎಷ್ಟು ಅಂಕಿಗಳಿವೆ ಎಂದು ಯಂತ್ರ ಮನುಷ್ಯನನ್ನೇ ಕೇಳುತ್ತದೆ. ಹುಡುಗ 5 ಎಂದು ಒತ್ತುತ್ತಾನೆ, ಐದು ಅಂಕಿ ಕೊಡುತ್ತಾನೆ, ಅವು ಸಾಲಾಗಿ ನಿಲ್ಲುತ್ತವೆ, ರೆಕಾರ್ಡಿಗೆ ಸಹಿ ಬೀಳುತ್ತದೆ.

ಎನ್ ಅನ್ನು ಜೊತೆಗೇ ಹೊತ್ತು ತಿರುಗುವುದು ಸಿ ಭಾಷೆಯಲ್ಲಿ ಒಳ್ಳೆಯ ರೂಢಿಯೇ. ನನ್ನ ತಕರಾರು ಬೇರೆ. 5ರ ಬದಲು 150 ಎಂದು ಒತ್ತಿದರೆ ಏನಾಗುತ್ತದೆ ಎಂದು ಆ ಮ್ಯಾನ್ಯುಯಲ್‌ಗಳು ಸಾಮಾನ್ಯವಾಗಿ ಕೇಳುವುದೇ ಇಲ್ಲ. ಪ್ರೋಗ್ರಾಂ 100ನೇ ಅಂಕಿಯ ನಂತರವೂ ನಿಲ್ಲದೆ ಓದುತ್ತದೆ, ತನ್ನದಲ್ಲದ ಜಾಗದಲ್ಲಿ ಬರೆಯುತ್ತ ಹೋಗುತ್ತದೆ. ಅಲ್ಲಿ ಬೇರೆ ವೇರಿಯಬಲ್ ಇರಬಹುದು, ಎನ್ ತಾನೇ ಇರಬಹುದು, ಫಂಕ್ಷನ್ ಮುಗಿದ ಮೇಲೆ ಎಲ್ಲಿಗೆ ಮರಳಬೇಕು ಎಂಬ ವಿಳಾಸವೂ ಇರಬಹುದು. ಕೊನೆಯದ್ದನ್ನು ಬೇಕೆಂದೇ ತಿದ್ದಿ ಬರೆಯುವ ವಿದ್ಯೆಯಿಂದ ಹುಟ್ಟಿದ ಹ್ಯಾಕಿಂಗ್ ಒಂದೆರಡಲ್ಲ.

ಬೆಳಗಾವಿಗೆ ಎಷ್ಟು ಅಕ್ಷರ?

ಅಕ್ಷರಗಳ ಅರೇಗೆ, ಅಂದರೆ ಸ್ಟ್ರಿಂಗ್‌ಗೆ, ಸಿ ಬೇರೆಯೇ ಉಪಾಯ ಹೂಡಿದೆ. ಬಿಸಿಪಿಎಲ್‌ನಲ್ಲಿ ಪದದ ಉದ್ದವನ್ನು ಮೊದಲ ಜಾಗದಲ್ಲೇ ಬರೆದಿಡುತ್ತಿದ್ದರು. ಅಷ್ಟು ಚಿಕ್ಕ ಜಾಗದಲ್ಲಿ ಬರೆಯಬಹುದಾದ ಉದ್ದಕ್ಕೆ ಮಿತಿ ಇದೆ, ಲೆಕ್ಕ ಇಡುವುದಕ್ಕಿಂತ ಕೊನೆಗೊಂದು ಗುರುತು ಹಾಕುವುದೇ ಸಲೀಸು ಎಂದು ಬಿ ಭಾಷೆಯಲ್ಲಿ ಅದನ್ನು ಬಿಟ್ಟರು. ಸಿ ಅದನ್ನೇ ಮುಂದುವರಿಸಿತು. ಗುರುತು ಎಂದರೆ ಬೆಲೆ ಸೊನ್ನೆಯಾದ ಒಂದು ಬೈಟ್.

ಲೋಂಡಾ ಮಾರ್ಗದ ಖಾನಾಪುರ ಸ್ಟೇಷನ್ನಿನಲ್ಲಿ ರೈಲು ಪೂರ್ತಿ ಹಾದುಹೋಯಿತೋ ಇಲ್ಲವೋ ಎಂದು ತಿಳಿಯಲು ಸಿಬ್ಬಂದಿ ಡಬ್ಬಿ ಎಣಿಸುತ್ತ ನಿಲ್ಲುವುದಿಲ್ಲ, ಕೊನೆಯ ಡಬ್ಬಿಗೆ ತೂಗುಬಿಟ್ಟ ‘ಎಲ್‌ವಿ’ ಫಲಕ ನೋಡುತ್ತಾರೆ. ಸ್ಟ್ರಿಂಗ್‌ನ ಸೊನ್ನೆ ಬೈಟ್ ಅಂಥದ್ದೇ ಫಲಕ. ವ್ಯತ್ಯಾಸ ಒಂದೇ: ಫಲಕ ಕಾಣದಿದ್ದರೆ ರೈಲ್ವೆಯಲ್ಲಿ ಗಾಬರಿ ಬಿದ್ದು ಗಾಡಿ ತುಂಡಾಗಿದೆಯೇ ಎಂದು ವಿಚಾರಿಸುತ್ತಾರೆ, ಸಿಯಲ್ಲಿ ಉದ್ದ ಅಳೆಯುವ ಸ್ಟರ್‌ಲೆನ್ ಮುಂದೆಲ್ಲೋ ಒಂದು ಸೊನ್ನೆ ಸಿಗುವವರೆಗೆ ಪರರ ಜಾಗದಲ್ಲಿ ಎಣಿಸುತ್ತ ನಡೆಯುತ್ತದೆ.

ನಗರದ ಹೆಸರನ್ನೇ ತೆಗೆದುಕೊಳ್ಳಿ. 2014ರ ನವೆಂಬರ್ 1ರವರೆಗೆ ಸರ್ಕಾರಿ ಇಂಗ್ಲಿಷಿನಲ್ಲಿ ಇದು ಬೆಲ್ಗಾಂ, ರೋಮನ್ ಲಿಪಿಯ 7 ಅಕ್ಷರ. ಕೊನೆಯ ಗುರುತೂ ಸೇರಿ 8 ಬೈಟ್. ಯಾರಾದರೂ ಉಳಿತಾಯ ಮಾಡಿ ಊರಿನ ಹೆಸರಿಗೆ ಸರಿಯಾಗಿ 8 ಮನೆ ಕೊಟ್ಟಿದ್ದರೆ ಅಲ್ಲಿಯವರೆಗೆ ತೊಂದರೆ ಇರಲಿಲ್ಲ. ಅಂದು ಊರು ಅಧಿಕೃತವಾಗಿ ಬೆಳಗಾವಿ ಆಯಿತು. ರೋಮನ್‌ನಲ್ಲಿ 8 ಅಕ್ಷರ, ಗುರುತು ಸೇರಿ 9 ಬೈಟ್. 8 ಮನೆಯ ಅರೇಗೆ ಈ ಹೊಸ ಹೆಸರನ್ನು ಆರಂಭಿಕ ಬೆಲೆಯಾಗಿ ಕೊಟ್ಟರೆ ಸಿ ಅದನ್ನು ತಪ್ಪು ಎನ್ನುವುದಿಲ್ಲ. ಎಂಟೂ ಅಕ್ಷರಗಳನ್ನು ಕೂರಿಸಿ, ಜಾಗವಿಲ್ಲದ ಗುರುತನ್ನು ಬಿಟ್ಟುಬಿಡುತ್ತದೆ. ನಂತರ ಆ ಹೆಸರನ್ನು ಛಾಪಿಸಿದರೆ ಬೆಳಗಾವಿಯ ಬೆನ್ನಿಗೆ ಏನೇನು ಕಸ ಬರುತ್ತದೋ ಹೇಳಲಾಗದು. ಖಾನಾಪುರಕ್ಕೆ ಮೊದಲಿನಿಂದಲೂ 8 ಅಕ್ಷರ, ಅದಕ್ಕೆ ಈ ಫಜೀತಿ ಹೊಸದೇನಲ್ಲ.

ಕನ್ನಡದಲ್ಲಿ ಬರೆದರೆ? ‘ಬೆಳಗಾವಿ’ಗೆ ನಾವು ಎಣಿಸುವುದು ನಾಲ್ಕು ಅಕ್ಷರ: ಬೆ, ಳ, ಗಾ, ವಿ. ಯೂನಿಕೋಡ್‌ಗೆ ಸ್ವರಚಿಹ್ನೆಗಳೂ ಬೇರೆ ಸಂಕೇತಗಳಾದ್ದರಿಂದ ಅದರ ಲೆಕ್ಕದಲ್ಲಿ 7. ಈಗ ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್–8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, ಹಾಗಾಗಿ 21. ಪೈಥಾನ್‌ನ ಲೆನ್ 7 ಎಂದರೆ ಸಿಯ ಸ್ಟರ್‌ಲೆನ್ 21 ಎನ್ನುತ್ತದೆ. ಕೊನೆಯ ಗುರುತೂ ಸೇರಿ ಸೈಜ್‌ಆಫ್ 22. ಆಪಲ್‌ನ ಸ್ವಿಫ್ಟ್ ಭಾಷೆ ಮಾತ್ರ ಕಣ್ಣಿಗೆ ಕಾಣುವಂತೆ 4 ಎನ್ನುತ್ತದೆ. ಕಾಕತಾಳೀಯವೆಂದರೆ ‘ಖಾನಾಪುರ’ಕ್ಕೂ ಇದೇ 4, 7, 21. ಒತ್ತಕ್ಷರ ಬಂದರೆ ಅಂತರ ಇನ್ನೂ ಹೆಚ್ಚು: ‘ಕಿತ್ತೂರು’ ಕಾಗುಣಿತ ಕಲಿತ ಮಗುವಿಗೆ 3 ಅಕ್ಷರ, ಯೂನಿಕೋಡ್‌ಗೆ 8, ಯುಟಿಎಫ್–8ಕ್ಕೆ 24 ಬೈಟ್.

ಅರ್ಜಿ ತುಂಬುವ ಜಾಲತಾಣದಲ್ಲಿ ಹೆಸರು ಕನ್ನಡದಲ್ಲಿ ಬರೆದಾಗ ಅರ್ಧಕ್ಕೇ ಕತ್ತರಿಸಿಹೋಗುವುದಕ್ಕೆ ಇಂಥ ಎಣಿಕೆ ಕಾರಣ. 20 ಅಕ್ಷರ ಎಂದು ಗೆರೆ ಎಳೆದವರ ಮನಸ್ಸಿನಲ್ಲಿದ್ದದ್ದು 20 ಬೈಟ್. ಎಸ್ಸೆಮ್ಮೆಸ್ ಇಂಗ್ಲಿಷಿನಲ್ಲಿ 160 ಅಕ್ಷರ ಹೊತ್ತರೆ ಕನ್ನಡದಲ್ಲಿ 70 ಸಂಕೇತಗಳಿಗೇ ತುಂಬುತ್ತದೆ. ಎರಡಕ್ಕೂ ಸಿಗುವ ಜಾಗ ಒಂದೇ, 140 ಬೈಟ್.

ಇಪ್ಪತ್ತೊಂದನೆಯ ಮನೆ

2024ರ ಜುಲೈ 19ರಂದು ಬೆಂಗಳೂರು ಸೇರಿದಂತೆ ದೇಶದ ವಿಮಾನ ನಿಲ್ದಾಣಗಳಲ್ಲಿ ಸಿಬ್ಬಂದಿ ಬೋರ್ಡಿಂಗ್ ಪಾಸ್‌ಗಳನ್ನು ಪೆನ್ನಿನಲ್ಲಿ ಬರೆದು ಕೊಟ್ಟದ್ದು ನೆನಪಿರಬಹುದು. ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ಹೊದ್ದು ಮಲಗಿದ್ದವು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ಅಪ್‌ಡೇಟ್ ಕಾರಣ. ಕಂಪನಿಯೇ ನಂತರ ವಿವರಿಸಿದ ಪ್ರಕಾರ, ಅದರ ತಂತ್ರಾಂಶದ ಒಂದು ಭಾಗ ಕೊಡುತ್ತಿದ್ದುದು 20 ಇನ್‌ಪುಟ್‌ಗಳ ಅರೇ. ಹೊಸ ಅಪ್‌ಡೇಟ್ ಓದಲು ಹೇಳಿದ್ದು 21ನೆಯದನ್ನು. ಇಲ್ಲದ ಮನೆಯ ಬಾಗಿಲು ತಟ್ಟಿದ ಆ ಪ್ರೋಗ್ರಾಂ ಓಡುತ್ತಿದ್ದುದು ವಿಂಡೋಸ್‌ನ ಗರ್ಭಗುಡಿಯಲ್ಲಿ, ಹಾಗಾಗಿ ಬಿದ್ದಾಗ ಇಡೀ ಯಂತ್ರವನ್ನೇ ಬೀಳಿಸಿತು.

ಇದು ಹಳೆಯ ಕಾಯಿಲೆ. 1988ರ ನವೆಂಬರ್ 2ರಂದು ಇಂಟರ್ನೆಟ್ಟಿಗೆ ಬಿಟ್ಟ, ತಾನಾಗಿ ಹರಡುವ ಮಾರಿಸ್ ವರ್ಮ್ ಎಂಬ ಪ್ರೋಗ್ರಾಂ ಸಾವಿರಾರು ಯಂತ್ರಗಳಿಗೆ ನುಗ್ಗಲು ಬಳಸಿದ ಒಂದು ದಾರಿ, 512 ಬೈಟ್‌ನ ಅರೇಗೆ ಅದಕ್ಕಿಂತ ಉದ್ದದ ಸಾಲನ್ನು ಸುರಿಯುವುದು. ಸಿಯ ‘ಗೆಟ್ಸ್’ ಫಂಕ್ಷನ್ನಿಗೆ ಅರೇ ಎಷ್ಟು ದೊಡ್ಡದು ಎಂದು ಹೇಳಲು ಅವಕಾಶವೇ ಇರಲಿಲ್ಲ. ಅದನ್ನು ಸಿ ಮಾನದಂಡದಿಂದ ಕಿತ್ತುಹಾಕಿದ್ದು 2011ರಲ್ಲಿ. ನಮ್ಮ ನೋಟ್ಸುಗಳಿಂದ ಇನ್ನೂ ಪೂರ್ತಿ ಹೋಗಿಲ್ಲ. 2014ರ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷದಲ್ಲಿ ಕಥೆ ಉಲ್ಟಾ: ಎದುರಿನವನು ‘ನಾನು ಕಳಿಸಿದ್ದು 64 ಕಿಲೋಬೈಟ್’ ಎಂದು ಸುಳ್ಳು ಹೇಳಿದ, ಸರ್ವರ್ ಎಣಿಸಿ ನೋಡದೆ ಅಷ್ಟನ್ನು ತನ್ನ ಮೆಮೊರಿಯಿಂದ ಮರಳಿಸಿತು. ಅದರಲ್ಲಿ ಪಾಸ್‌ವರ್ಡ್‌ಗಳೂ ಇರುತ್ತಿದ್ದವು.

ಉಳಿದವರು ಏನು ಮಾಡಿದರು

ನಂತರ ಬಂದ ಭಾಷೆಗಳು ಅರೇಯ ಜೊತೆಗೇ ಉದ್ದವನ್ನೂ ಕಟ್ಟಿಕೊಟ್ಟವು. 1995ರ ಜಾವಾದಲ್ಲಿ ಅರೇಗೆ ‘ಲೆಂತ್’ ಎಂದರೆ ಸಾಕು, ಮಿತಿ ಮೀರಿದರೆ ಪ್ರೋಗ್ರಾಂ ಅಲ್ಲೇ ನಿಂತು ದೂರು ಹೇಳುತ್ತದೆ. ಕಿರಿಕಿರಿ ಬೇರೆ ತರಹದ್ದು: ಅರೇಗೆ ‘ಲೆಂತ್’ ಬರೆದು ಬ್ರಾಕೆಟ್ ಹಾಕಬಾರದು, ಸ್ಟ್ರಿಂಗ್‌ಗೆ ಹಾಕಬೇಕು, ಅರೇಲಿಸ್ಟ್‌ಗೆ ‘ಸೈಜ್’ ಅನ್ನಬೇಕು. ಪಿಎಚ್‌ಪಿಯಲ್ಲಿ ‘ಸೈಜ್‌ಆಫ್’ ಇದೆ, ಆದರೆ ಅದು ಬೈಟ್ ಎಣಿಸುವುದಿಲ್ಲ, ಮನೆಗಳನ್ನೇ ಎಣಿಸುತ್ತದೆ. ಜಾವಾಸ್ಕ್ರಿಪ್ಟ್‌ನ ಖಾಲಿ ಅರೇಯಲ್ಲಿ 99ನೇ ನಂಬರಿನ ಮನೆಗೆ ಒಂದೇ ಒಂದು ಅಂಕಿ ಇಟ್ಟರೆ ಅದರ ಉದ್ದ 100 ಆಗುತ್ತದೆ. ನನಗೆ ಮೆಚ್ಚುಗೆಯಾದದ್ದು ಗೋ ಭಾಷೆಯ ಪ್ರಾಮಾಣಿಕತೆ: ತುಂಬಿದ್ದಕ್ಕೆ ‘ಲೆನ್’, ಜಾಗಕ್ಕೆ ‘ಕ್ಯಾಪ್’, ಎರಡಕ್ಕೂ ಬೇರೆ ಬೇರೆ ಹೆಸರು.

ಹಾಗಾದರೆ ಸಿ ಬಿಟ್ಟುಬಿಡಬಹುದಲ್ಲ? ಅಮೆರಿಕದ ಶ್ವೇತಭವನದ ಸೈಬರ್ ಕಚೇರಿ 2024ರ ಫೆಬ್ರುವರಿಯಲ್ಲಿ ಹೆಚ್ಚು ಕಡಿಮೆ ಹಾಗೇ ಹೇಳಿತು, ಮೆಮೊರಿ ಕಾಯುವ ಭಾಷೆಗಳಿಗೆ ಸರಿಯಿರಿ ಎಂದು. ಆದರೆ ಲಿನಕ್ಸ್‌ನ ಒಡಲು ಸಿಯಲ್ಲೇ ಇದೆ. ಆಂಡ್ರಾಯ್ಡ್ ಫೋನು ಹಿಡಿದ ಪ್ರತಿಯೊಬ್ಬರೂ ಅದನ್ನು ಜೇಬಿನಲ್ಲಿಟ್ಟುಕೊಂಡೇ ತಿರುಗುತ್ತಾರೆ. ಅದನ್ನೆಲ್ಲ ತಿರುಗಿ ಬರೆಯುವುದು ಒಂದು ತಲೆಮಾರಿನ ಕೆಲಸ. ಅಷ್ಟರವರೆಗೆ ಲಿನಕ್ಸ್ ಕರ್ನೆಲ್‌ನವರು 2023ರಿಂದ ‘ಕೌಂಟೆಡ್ ಬೈ’ ಎಂಬ ಗುರುತನ್ನು ಬಳಸತೊಡಗಿದ್ದಾರೆ. ಈ ಅರೇಯ ಲೆಕ್ಕ ಇಂಥ ವೇರಿಯಬಲ್‌ನಲ್ಲಿದೆ ಎಂದು ಅದು ಕಂಪೈಲರ್‌ಗೆ ತಿಳಿಸುತ್ತದೆ, ಕಂಪೈಲರ್ ಆ ಮಿತಿಯನ್ನು ಕಾಯಬಲ್ಲದು.

ಲ್ಯಾಬಿನ ಹುಡುಗರಿಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಫಂಕ್ಷನ್ನಿಗೆ ಅರೇ ಕಳಿಸುವಾಗ ಎನ್ ಅನ್ನೂ ಕಳಿಸಬೇಕು. ಎನ್ ಓದಿದ ಮರುಸಾಲಿನಲ್ಲೇ ಅದು 1ರಿಂದ 100ರೊಳಗೆ ಇದೆಯೇ ನೋಡಬೇಕು. ಜಿಸಿಸಿಯಲ್ಲಿ ಅಡ್ರೆಸ್ ಸ್ಯಾನಿಟೈಸರ್ ಎಂಬ ಸೌಲಭ್ಯವಿದೆ, ಕಂಪೈಲ್ ಮಾಡುವಾಗ ಅದನ್ನು ಚಾಲೂ ಮಾಡಿ, ತಪಾಸಣೆಯ ಸಾಲು ತೆಗೆದು, 150 ಎಂದು ಕೊಟ್ಟು ಅಂಕಿಗಳನ್ನು ತುಂಬಿ ನೋಡಲಿ. 101ನೇ ಅಂಕಿಗೆ ಪ್ರೋಗ್ರಾಂ ನಿಲ್ಲುತ್ತದೆ. ಯಾವ ಅರೇ ಎಲ್ಲಿ ಮುಗಿಯಿತು, ಎಷ್ಟು ಬೈಟ್ ಆಚೆ ಕೈ ಹಾಕಿದ್ದೇವೆ ಎಂಬುದು ಪರದೆಯ ಮೇಲೆ ಬರುತ್ತದೆ. ಡಿಬಗ್ ಮಾಹಿತಿ ಸೇರಿಸಿ ಕಂಪೈಲ್ ಮಾಡಿದ್ದರೆ ಸಾಲಿನ ನಂಬರೂ ಸಿಗುತ್ತದೆ.